ಗಾಳಿಗೆ ಮುಖ ಮಾಡಿದ ಟ್ರಕ್ಕು

"ಮಾತಾಡಬೇಡ. ಉಸಿರೂ ಸ್ವಲ್ಪ ಮೆಲ್ಲಗೆ ಬಿಡೇ, ಕಾಡೆಮ್ಮೆ ಥರ ಬುಸುಗುಟ್ತೀಯ," ಎಂದಳು ಗ್ಲೆನಾ. ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪ್ರಾರ್ಥನೆಗೆ ಕೂತವಳಂತೆ ಕೂತಿದ್ದಳು.

ವರ್ನಾ ಸ್ಟ್ರೌಡ್ ಉಸಿರು ಬಿಗಿಹಿಡಿದು ಆಕ್ಸಿಲರೇಟರ್ ಒತ್ತಿದಳು. ಪಿಕಪ್ಪು ಒಮ್ಮೆ ಗೊಣಗಿ ಮುಂದಕ್ಕೆ ನುಗ್ಗಿತು. ರಸ್ತೆಯ ಎರಡೂ ಬದಿಗೆ ಬೂದುಬಣ್ಣದ ಸೇಜ್ ಪೊದೆಗಳು ಒಂದೇ ದಿಕ್ಕಿಗೆ ತಲೆಬಾಗಿದ್ದವು. ದೇವರು ವಯೋಮಿಂಗಿನ ಈ ಸೀಮೆಗೆ ಮಳೆ ಕೊಡುವಾಗ ಕೈ ಹಿಡಿದ, ಗಾಳಿ ಕೊಡುವಾಗ ಮಾತ್ರ ಚೀಲವನ್ನೇ ಬೋರಲು ಹಾಕಿದ ಎಂದು ಹಿರಿಯರು ಹೇಳುತ್ತಾರೆ. ಇಲ್ಲಿನ ಗಾಳಿ ದಾಯಾದಿಯಿದ್ದ ಹಾಗೆ. ಕರೆಯದಿದ್ದರೂ ಬರುತ್ತದೆ, ಬಂದರೆ ಹೋಗುವುದಿಲ್ಲ.

ವೇಗದ ಮುಳ್ಳು ಅರವತ್ತನ್ನು ಮುಟ್ಟಿತು.

ಬಂತು. ತೆಳ್ಳಗೆ, ಯಾರೋ ಹಲ್ಲಿನ ಸಂದಿಯಿಂದ ಊದಿದಂಥ ಸಿಳ್ಳೆ.

ಗ್ಲೆನಾಳ ತೋರುಬೆರಳು ಮೇಲೆದ್ದಿತು. ಕಣ್ಣು ತೆರೆಯದೆಯೇ ತನ್ನ ತಲೆಯ ಮೇಲಿನ ಬಲಮೂಲೆಯನ್ನು, ಮುಂದಿನ ಗಾಜು ಚಾವಣಿಗೆ ಕೂಡುವ ಜಾಗವನ್ನು ತೋರಿಸಿದಳು.

"ಇಲ್ಲಿ. ನಮ್ಮ ಚರ್ಚಿನ ಆರ್ಗನ್ನಲ್ಲಿ ಧೂಳು ಕೂತ ಕೊಳವೆ ಒಂದಿದೆಯಲ್ಲ, ಈಸ್ಟರ್ ದಿನಾನೇ ಕೈಕೊಡುತ್ತಲ್ಲ, ಅದರದ್ದೇ ದನಿ. ನಲವತ್ತು ವರ್ಷ ಅದರ ಹತ್ರ ಜಗಳ ಆಡಿದ್ದೀನಿ, ನಂಗೆ ಗೊತ್ತಿಲ್ವಾ?"

ವರ್ನಾಳಿಗೂ ಸಿಳ್ಳೆ ಕೇಳಿಸುತ್ತಿತ್ತು. ಎಲ್ಲಿಂದ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಪೊಲೀಸ್ ಕೆಲಸದಲ್ಲಿದ್ದಾಗ ಪಕ್ಕದಲ್ಲೇ ಹಾರಿದ ಗುಂಡೊಂದು ಅವಳ ಎಡಗಿವಿಯನ್ನು ಕೊಂಡುಹೋಗಿತ್ತು. ಒಂದೇ ಕಿವಿಯವರಿಗೆ ಲೋಕದ ಸದ್ದೆಲ್ಲ ಒಂದೇ ಕಡೆಯಿಂದ ಬರುತ್ತದೆ. ಅದಕ್ಕೇ ಅವಳಿಗೆ ಗ್ಲೆನಾ ಬೇಕಾಗಿದ್ದು.

ಟ್ರಕ್ಕು ವರ್ನಾಳ ತಮ್ಮ ಒರಿನನದು. ಕುರಿಗಾಹಿ ಇಲಾರಿಯೊನನ್ನು ಇದೇ ಟ್ರಕ್ಕಿನಿಂದ ಗುದ್ದಿ ಕೊಂದು, ರಸ್ತೆ ಬದಿಗೆ ಬಿಟ್ಟು ಓಡಿದನೆಂದು ಒರಿನ್ ಈಗ ಜೈಲಿನಲ್ಲಿದ್ದಾನೆ. ಆ ಮುಸ್ಸಂಜೆ ಈ ಟ್ರಕ್ಕನ್ನು ಅದೇ ರಸ್ತೆಯಲ್ಲಿ ಕಂಡೆನೆಂದು ಸಾಕ್ಷಿ ನುಡಿದವನು ಗ್ಲೆನಾಳ ಗಂಡ ಲೋವೆಲ್ ಕ್ರಾಂಡಲ್.

ಸಾಕ್ಷಿಯ ಹೆಂಡತಿ ಆರೋಪಿಯ ಅಕ್ಕನ ಪಕ್ಕದಲ್ಲಿ ಕೂತು ಊರೆಲ್ಲ ಸುತ್ತುವುದೆಂದರೆ ಊರಿಗೆ ಸಣ್ಣ ಸೋಜಿಗವೇ? ಅಂಚೆಕಚೇರಿಯಲ್ಲಿ ಯಾರೋ ಕೇಳಿಯೂ ಬಿಟ್ಟಿದ್ದರು. "ಗಂಡನ ಕಣ್ಣು ಗಂಡನದು, ನನ್ನ ಕಿವಿ ನನ್ನದು," ಎಂದು ಗ್ಲೆನಾ ಅಂಚೆಚೀಟಿಗೆ ನಾಲಗೆ ಸವರಿ ಅಂಟಿಸಿ ಹೊರಬಂದಿದ್ದಳು.

ಒರಿನ್ ಬಾಯಿ ಬಿಡುತ್ತಿರಲಿಲ್ಲ. ಶೆರಿಫ್ ಕೇಳಿದರೂ ಇಲ್ಲ, ವಕೀಲ ಕೇಳಿದರೂ ಇಲ್ಲ, ಸಾಕಿ ಬೆಳೆಸಿದ ಅಕ್ಕ ಕೇಳಿದರೂ ಇಲ್ಲ. ಆದರೆ ಜೈಲಿಗೆ ಹೋಗುವ ಮೊದಲು ಕೆಫೆಯ ಪ್ರತಿ ಮೇಜಿಗೂ ಹೋಗಿ, "ನನ್ನ ಗಾಡೀಲಿ ಸಿಳ್ಳೆ ಬರ್ತಿದೆ ಕಣ್ರೋ, ಯಾರಾದ್ರೂ ಬಂದು ಕೇಳಿ," ಎಂದು ಪೀಡಿಸಿದ್ದ. ಪಾಪ ಮಾಡಿದವನು ಪಾಪದ ಬಂಡಿಗೆ ಊರವರನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತಾನೆಯೇ? ಈ ಒಂದು ಪ್ರಶ್ನೆಯನ್ನು ಹಿಡಿದು ವರ್ನಾ ಇಡೀ ಊರಿಗೆ ಎದುರು ನಿಂತಿದ್ದಳು.

"ಸಿಳ್ಳೆ ಹಿಡ್ಕೊಂಡು ಏನು ಮಾಡ್ತೀಯಮ್ಮ? ಗಾಳಿಗೆ ಗುದ್ದಿ ಮೈ ನೋಯಿಸ್ಕೊಳ್ಳೋದು ಅಂದ್ರೆ ಇದೇ," ಎಂದು ಶೆರಿಫ್ ನಕ್ಕಿದ್ದ. ವರ್ನಾ ಆ ನಿಮಿಷವೇ ತನ್ನ ಪೊಲೀಸ್ ಬಿಲ್ಲೆಯನ್ನು ಕಳಚಿ ಅವನ ಮೇಜಿನ ಮೇಲಿಟ್ಟು ಕೆಲಸ ಬಿಟ್ಟಿದ್ದಳು. ಟ್ರಕ್ಕಿನ ಕಾಗದಪತ್ರದಲ್ಲಿ ಅವಳ ಹೆಸರೂ ಇದ್ದುದರಿಂದ, ಪರೀಕ್ಷೆ ಮುಗಿಸಿ ಅದನ್ನು ಅವಳಿಗೇ ಬಿಟ್ಟುಕೊಟ್ಟಿದ್ದರು. ಈಗ ಸರ್ಕಾರಿ ವಕೀಲರಿಗೆ ಅದು ಮತ್ತೆ ಬೇಕಂತೆ. ಇವತ್ತು ಸೂರ್ಯ ಮುಳುಗುವುದರೊಳಗೆ ಟ್ರಕ್ಕು ಶೆರಿಫನ ಅಂಗಳದಲ್ಲಿರಬೇಕು.

ಬೆಳಿಗ್ಗೆ ಇಬ್ಬರೂ ಸೇರಿ ಟ್ರಕ್ಕಿನ ಸಂದುಗೊಂದಿಗೆಲ್ಲ, ಬಣ್ಣ ಬಳಿಯುವವರು ಬಳಸುವ ನೀಲಿ ಟೇಪು ಅಂಟಿಸಿದ್ದರು. ಟ್ರಕ್ಕು ಗಾಯಾಳುವಿನಂತೆ ಕಂಡಿತು, ಆದರೆ ಸಿಳ್ಳೆ ನಿಂತಿತು. ಆಮೇಲೆ ಒಂದು ಟೇಪು ಕೀಳುವುದು, ಒಂದು ಸುತ್ತು ಹೋಗಿ ಬರುವುದು. ಕನ್ನಡಿಯ ಬುಡದ್ದು ಕಿತ್ತರು, ಮೌನ. ಬಾಗಿಲಿನದು ಕಿತ್ತರು, ಮೌನ. ಬಾಗಿಲಿನ ರಬ್ಬರಿಗಂತೂ ಗ್ಲೆನಾ ಕಳೆದ ಭಾನುವಾರದ ಹಾಡಿನ ಚೀಟಿಯನ್ನು ಸಿಕ್ಕಿಸಿ ಎಳೆದು ನೋಡಿದ್ದಳು. ಚೀಟಿ ಹರಿಯಿತೇ ಹೊರತು ಜಾರಿ ಬರಲಿಲ್ಲ. ಕೊನೆಗೆ ಉಳಿದದ್ದು ಮುಂದಿನ ಗಾಜಿನ ಮೇಲಂಚು.

ಈಗ ಅದೂ ಬಿಚ್ಚಿತ್ತು, ಸಿಳ್ಳೆಯೂ ಬಂದಿತ್ತು.

*

ಚರ್ಚಿನ ಹಿಂದಿನ ಅಂಗಳದಲ್ಲಿ ವರ್ನಾ ಟ್ರಕ್ಕನ್ನು ನಿಲ್ಲಿಸಿದಳು. ಶನಿವಾರದ ನಡುಹಗಲು. ಗಾಡಿಯೊಳಗಿನ ಫ್ಯಾನನ್ನು ಪೂರ್ತಿ ಜೋರಾಗಿಟ್ಟು, ಕಿಟಕಿಗಳನ್ನೆಲ್ಲ ಏರಿಸಿ, ಬಾಗಿಲು ಮುಚ್ಚಿದಳು. ಗ್ಲೆನಾ ಚರ್ಚಿನ ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸೋಪಿನ ನೀರು ತಂದಳು.

"ಒಳಗಿನ ಗಾಳಿ ಹೊರಗೆ ಬರೋಕೆ ದಾರಿ ಹುಡುಕುತ್ತೆ," ಎಂದಳು ವರ್ನಾ. "ಎಲ್ಲಿ ತೂತಿದೆಯೋ ಅಲ್ಲಿ ಗುಳ್ಳೆ ಏಳುತ್ತೆ."

"ಪಾಸ್ಟರ್ ಹೇಳೋದನ್ನೇ ಹೇಳ್ತಿದ್ದೀಯ. ಅವರು ಗಾಳಿ ಅನ್ನಲ್ಲ, ಪಾಪ ಅಂತಾರೆ."

ವರ್ನಾ ಬುರುಗನ್ನು ಗಾಜಿನ ಅಂಚಿಗೆ ಸವರುತ್ತ ಹೋದಳು. ಎಡಮೂಲೆ ಸುಮ್ಮನಿತ್ತು. ನಡುವೆಯೂ ಸುಮ್ಮನಿತ್ತು. ಬಲಮೂಲೆಗೆ ಕೈ ಬಂದದ್ದೇ ತಡ, ಸಾಸಿವೆಯಷ್ಟು ಗುಳ್ಳೆಗಳು ಒಂದರ ಬೆನ್ನಿಗೊಂದು ಎದ್ದು, ಬಿರಿದು, ಮತ್ತೆ ಎದ್ದವು.

ಗ್ಲೆನಾ ತೋರಿಸಿದ್ದು ಅದೇ ಜಾಗ.

"ಈ ಗಾಜು ಕಾರ್ಖಾನೇಲಿ ಕೂರಿಸಿದ್ದಲ್ಲ," ಎಂದಳು ವರ್ನಾ. ಬೆಣ್ಣೆ ಸವರುವ ಚಾಕುವಿನಿಂದ ಅಂಚಿನ ರಬ್ಬರ್ ಪಟ್ಟಿಯನ್ನು ಸ್ವಲ್ಪ ಎತ್ತಿ ನೋಡಿದಳು. "ಯಾರೋ ಬದಲಾಯಿಸಿದ್ದಾರೆ. ಅಂಟು ನೋಡು, ಗಂಟುಗಂಟಾಗಿದೆ."

"ಒರಿನ್ ಮಾಡಿಸಿರಬಹುದಲ್ಲ?"

"ಒರಿನ್? ಬೂಟಿಗೆ ಹೊಸ ದಾರ ಕೊಂಡ್ರೂ ಕೆಫೇಲಿ ಅರ್ಧ ಗಂಟೆ ಕಥೆ ಹೇಳೋನು. ಹೊಸ ಗಾಜು ಹಾಕಿಸಿ ಸುಮ್ನೆ ಇರ್ತಿದ್ನಾ?"

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗಾಜು ಒಡೆದಿದೆ ಎಂದರೆ ಗುದ್ದಿದ್ದು ಈ ಟ್ರಕ್ಕೇ. ಆ ಮಟ್ಟಿಗೆ ಶೆರಿಫ್ ಹೇಳಿದ್ದು ನಿಜ. ಆದರೆ ಗುದ್ದಿದವನು ಬೇರೆ. ಈ ಸೀಮೆಯಲ್ಲಿ ಯಾರೂ ಟ್ರಕ್ಕಿನ ಕೀಲಿ ತೆಗೆದಿಡುವುದಿಲ್ಲ. ಬೇಕಾದವರು ಒಯ್ದು, ಎಣ್ಣೆ ತುಂಬಿಸಿ ತಂದು ನಿಲ್ಲಿಸುವುದು ಅಜ್ಜಂದಿರ ಕಾಲದ ವಾಡಿಕೆ. ಯಾರೋ ಒಯ್ದಿದ್ದಾರೆ. ಗುದ್ದಿದ್ದಾರೆ. ಗಾಜು ಬದಲಿಸಿ ಏನೂ ಆಗದವರಂತೆ ತಂದು ನಿಲ್ಲಿಸಿದ್ದಾರೆ. ಪಾಪದ ಹುಡುಗನಿಗೆ ಉಳಿದದ್ದು ಸಿಳ್ಳೆ ಒಂದೇ.

ಅವಳು ಕನ್ನಡಕ ಏರಿಸಿ ಇನ್ನೂ ಹತ್ತಿರ ಬಗ್ಗಿದಳು. ಕಪ್ಪು ಅಂಟಿನೊಳಗೆ ಏನೋ ಸಿಕ್ಕಿಕೊಂಡಿತ್ತು. ಬೆಳ್ಳಗೆ, ನವಿರಾಗಿ, ಗುಂಗುರಾಗಿ.

"ಉಣ್ಣೆ," ಎಂದಳು.

ಅಂಟು ಹಸಿಯಾಗಿದ್ದಾಗ ಹಾರಿ ಬಂದು ಕೂತ ಉಣ್ಣೆಯ ಎಳೆಗಳು. ಅವು ಕೂತ ಕಡೆ ಅಂಟು ಹಿಡಿದಿರಲಿಲ್ಲ. ಅಲ್ಲಿಂದಲೇ ಗಾಳಿ ನುಸುಳುತ್ತಿತ್ತು.

"ಗ್ಲೆನಾ, ಇದನ್ನ ಕೂರಿಸಿದ್ದು ಉಣ್ಣೆ ಕತ್ತರಿಸೋ ಕೊಟ್ಟಿಗೇಲಿ. ಕೂರಿಸಿದೋರು ನಮ್ಮೋರೇ, ಇಲ್ಲಿ ಹುಟ್ಟಿದೋರೇ."

"ಅದು ಹೇಗೆ ಗೊತ್ತಾಯ್ತು?"

"ನಮ್ಮ ಗಾಡಿ ಈಗ ಹೇಗೆ ನಿಲ್ಸಿದ್ದೀನಿ ನೋಡು."

ಗ್ಲೆನಾ ನೋಡಿದಳು. ಟ್ರಕ್ಕಿನ ಮೂತಿ ಪಶ್ಚಿಮಕ್ಕಿತ್ತು, ನೇರ ಗಾಳಿಗೆ. ಇಲ್ಲಿನವರು ಹಾಗಲ್ಲದೆ ಬೇರೆ ರೀತಿ ಗಾಡಿ ನಿಲ್ಲಿಸುವುದೇ ಇಲ್ಲ. ಬೆನ್ನು ಕೊಟ್ಟು ನಿಲ್ಲಿಸಿ ಬಾಗಿಲು ತೆರೆದರೆ ಗಾಳಿ ಬಾಗಿಲನ್ನು ಕೀಲುಸಮೇತ ಕಿತ್ತುಕೊಳ್ಳುತ್ತದೆ. ನಡೆಯಲು ಕಲಿಯುವ ಮೊದಲೇ ಮಕ್ಕಳಿಗೆ ಅದು ತಿಳಿದಿರುತ್ತದೆ.

"ಪಟ್ಟಣದ ಗಾಜಿನೋನಾಗಿದ್ರೆ ಗಾಳಿಗೆ ಬೆನ್ನು ಮಾಡಿ ಕೆಲಸ ಮಾಡ್ತಿದ್ದ, ಅಂಟು ಹಾಳಾಗಬಾರದು ಅಂತ. ಇವರು ಗಾಬರೀಲೂ ಅಭ್ಯಾಸ ಬಿಡಲಿಲ್ಲ. ಕೊಟ್ಟಿಗೆ ಒಳಗೂ ಮೂತಿ ಗಾಳಿಗೇ ಕೊಟ್ಟು ನಿಲ್ಸಿದ್ರು. ಪಶ್ಚಿಮದ ಬಾಗಿಲಿಂದ ನುಗ್ಗಿದ ಗಾಳಿ ನೆಲದ ಉಣ್ಣೇನೆಲ್ಲ ಎತ್ತಿ ಹಸಿ ಅಂಟಿಗೆ ಬಡೀತು."

ಅವಳು ಸೋಪಿನ ನೀರನ್ನು ಮೆಲ್ಲಗೆ ಒತ್ತಿ ತೆಗೆದಳು. ಒಂದು ಎಳೆಗೆ ಬಣ್ಣ ಹತ್ತಿತ್ತು. ಕುರಿಗಳ ಬೆನ್ನಿಗೆ ಒತ್ತುವ ಗುರುತಿನ ಬಣ್ಣ. ಪ್ರತಿ ಮನೆಗೂ ಬೇರೆ ಬೇರೆ. ಇದು ಹಸಿರು.

ವರ್ನಾ ತಿರುಗಿದಳು. ಗ್ಲೆನಾ ಸೋಪಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದಳು. ನೀರು ತುಳುಕಿ ಅವಳ ಅಂಗಿ ನೆನೆಯುತ್ತಿತ್ತು.

ಅವಳು ಸುಮ್ಮನಿದ್ದುಬಿಡಬಹುದಿತ್ತು. ವರ್ನಾಳ ಮನೆಯವರು ದನ ಸಾಕಿದವರು. ಯಾವ ಹಸಿರು ಯಾರದೆಂದು ಅವಳಿಗೆ ಸಟ್ಟನೆ ಹೊಳೆಯುತ್ತಿರಲಿಲ್ಲ.

"ಹಸಿರು ನಮ್ಮದು," ಎಂದಳು ಗ್ಲೆನಾ. "ನನ್ನ ಮಾವನ ಕಾಲದಿಂದ್ಲೂ ನಮ್ಮದೇ."

ಅಷ್ಟರಲ್ಲಿ ಅಂಗಳಕ್ಕೆ ಇನ್ನೊಂದು ಪಿಕಪ್ಪು ಬಂದು, ಒಂದು ಸುತ್ತು ತಿರುಗಿ, ಗಾಳಿಗೆ ಮೂತಿ ಕೊಟ್ಟು ನಿಂತಿತು.

*

ಲೋವೆಲ್ ಕ್ರಾಂಡಲ್ ಇಳಿದ. ಎತ್ತರದ ಆಳು, ಚರ್ಚಿನ ಹಿರಿಯ. ಅವನ ಬಾಯಲ್ಲಿ ಸುಳ್ಳು ಹುಟ್ಟಿದ್ದನ್ನು ಆ ಊರಿನಲ್ಲಿ ಕಂಡವರಿಲ್ಲ. ಮಾತು ಹುಟ್ಟುವುದೇ ಅಪರೂಪ. ಟೊಪ್ಪಿಯನ್ನು ಕೈಯಲ್ಲಿ ಒತ್ತಿ ಹಿಡಿದು ನಿಧಾನ ನಡೆದು ಬಂದ.

"ಊಟಕ್ಕೆ ಬರಲಿಲ್ಲ ನೀನು."

"ಹಸಿವಿಲ್ಲ," ಎಂದಳು ಗ್ಲೆನಾ.

"ಬೀನ್ಸ್ ಆರ್ತಿದೆ."

"ಆರಲಿ. ಇಲ್ಲಿ ಬಾ ಲೋವೆಲ್. ಇದು ಯಾರ ಬಣ್ಣ, ನೋಡಿ ಹೇಳು."

ಅವನು ಬಗ್ಗಲಿಲ್ಲ. ದೂರದಿಂದಲೇ ನೋಡಿದ. ನೀಲಿ ಟೇಪನ್ನು ನೋಡಿದ, ಸೋಪಿನ ಗುಳ್ಳೆಗಳನ್ನು ನೋಡಿದ, ಕೊನೆಗೆ ಹೆಂಡತಿಯ ಮುಖ ನೋಡಿದ.

"ನಮ್ಮದು."

ವರ್ನಾ ಮುಂದೆ ಬಂದಳು. "ನನ್ನ ತಮ್ಮನ್ನ ನೋಡಿದೆ ಅಂತ ಶೆರಿಫ್ ಎದುರು ಬೈಬಲ್ ಮುಟ್ಟಿ ಹೇಳಿದ್ರಿ ನೀವು. ಭಾನುವಾರ ಚರ್ಚಲ್ಲಿ ಅದೇ ಕೈಯಲ್ಲಿ ನನಗೆ ಪ್ರಸಾದದ ರೊಟ್ಟಿ ಕೊಟ್ರಿ!"

"ಟ್ರಕ್ಕನ್ನ ನೋಡಿದೆ ಅಂದೆ. ಓಡಿಸ್ತಿದ್ದೋರ ಮುಖ ನೋಡಿದೆ ಅಂತ ಅನ್ಲಿಲ್ಲ. ಶೆರಿಫ್ ಹೇಗೋ ಬರ್ಕೊಂಡ, ಊರು ಹೇಗೋ ಹೇಳ್ಕೊಂಡ್ತು. ನಾನು ತಿದ್ದಲಿಲ್ಲ, ಅಷ್ಟೇ."

"ಅಷ್ಟೇನಾ? ಒಬ್ಬ ಮನುಷ್ಯ ಕಂಬಿ ಹಿಂದೆ ಕೂತಿದ್ದಾನೆ, ಅಷ್ಟೇ ಅಂತೀರಾ?"

"ಗಾಜು ಕೂರಿಸಿದ್ದು ಯಾರು?" ಎಂದು ಕೇಳಿದವಳು ಗ್ಲೆನಾ. ದನಿ ಏರಿಸಲಿಲ್ಲ. "ಸುತ್ತಿ ಬಳಸಿ ಹೇಳಬೇಡ. ನಮ್ಮ ಕೊಟ್ಟಿಗೇಲಿ, ನಾನು ನನ್ನ ತಂಗಿ ಮನೆಗೆ ಹೋಗಿದ್ದ ವಾರ. ಯಾರು?"

ಗಾಳಿ ಒಮ್ಮೆ ಬಲವಾಗಿ ಬೀಸಿ ಚರ್ಚಿನ ತಗಡಿನ ಚಾವಣಿಯನ್ನು ಅಲುಗಿಸಿತು. ಅದು ನಿಲ್ಲುವವರೆಗೆ ಲೋವೆಲ್ ಕಾದ.

"ಎಡತುದಿ ಹಿಡಿದಿದ್ದು ನಾನು."

"ಅಷ್ಟು ದೊಡ್ಡ ಗಾಜಿಗೆ ಇಬ್ಬರು ಬೇಕು," ಎಂದಳು ವರ್ನಾ. "ಬಲತುದಿ?"

"ಕೇಳಬೇಡ ವರ್ನಾ."

"ಬಲತುದಿ ಯಾರು ಹಿಡಿದ್ರು?"

"ಒರಿನ್."

ವರ್ನಾಳಿಗೆ ನಗು ಬಂತು. ಅಂಥ ನಗು ಬಂದಾಗ ಮನುಷ್ಯನಿಗೆ ತನ್ನ ದನಿಯೇ ಗುರುತು ಸಿಗುವುದಿಲ್ಲ. "ಸುಳ್ಳು!"

"ಅವನು ಸುಳ್ಳು ಹೇಳಲ್ಲ ಕಣೇ," ಎಂದಳು ಗ್ಲೆನಾ ಮೆಲ್ಲಗೆ. "ನನಗೆ ಭಯ ಆಗ್ತಿರೋದೇ ಅದಕ್ಕೆ."

ವರ್ನಾ ಟ್ರಕ್ಕಿಗೆ ಒರಗಿದಳು. ಒರಿನ್ ತಾನೇ ಎತ್ತಿ ಕೂರಿಸಿದ ಗಾಜು. ಅದರ ಸಿಳ್ಳೆ ಎಲ್ಲಿಂದ ಎಂದು ಒರಿನನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಮೇಜಿಂದ ಮೇಜಿಗೆ ಹೋಗಿ ಯಾರಾದರೂ ಬಂದು ಕೇಳಿ ಎಂದನಲ್ಲ. ಬಾಯಿ ಬಿಡಲಾರದವನು ಬೇರೆ ಯಾರಾದರೂ ಕಂಡುಹಿಡಿಯಲಿ ಎಂದು ಬೇಡುತ್ತಿದ್ದನೇ? ಅವಳು ಅದನ್ನು ಅಮಾಯಕನ ಪೆದ್ದುತನವೆಂದು ತಿಳಿದು ಅದರ ಮೇಲೆ ಇಷ್ಟು ದೊಡ್ಡ ಗೋಡೆ ಕಟ್ಟಿದ್ದಳು.

"ಈಗ ನನ್ನ ಮಾತು ಕೇಳು," ಎಂದ ಲೋವೆಲ್. ಅವನು ಅಷ್ಟೊಂದು ಮಾತಾಡಿದ್ದನ್ನು ಅವಳು ಹಿಂದೆ ಕೇಳಿರಲಿಲ್ಲ. "ಶೆರಿಫ್‌ಗೆ ಗಾಜಿನ ವಿಷಯ ಗೊತ್ತಿಲ್ಲ. ಟ್ರಕ್ಕಿನ ಮುಂದೆ ಒಂದು ತಗ್ಗಿಲ್ಲ, ಗೀರಿಲ್ಲ. ಅವರ ಹತ್ರ ಇರೋದು ನನ್ನ ಮಾತೊಂದೇ. ಕೋರ್ಟಲ್ಲಿ ನಾನು ಟ್ರಕ್ಕು ಕಂಡೆ, ಮುಖ ಕಾಣಲಿಲ್ಲ ಅಂತೀನಿ. ಅದು ನಿಜಾನೇ. ಜ್ಯೂರಿಯವರು ಅವನನ್ನ ಬಿಟ್ಟುಬಿಡ್ತಾರೆ. ಆ ಎಳೆಗಳನ್ನ ಹೆಬ್ಬೆರಳಲ್ಲಿ ಒಮ್ಮೆ ಒರೆಸು, ಪಟ್ಟಿ ಒತ್ತು, ಗಾಡಿ ಕೊಟ್ಟು ಮನೆಗೆ ಹೋಗು. ಒರಿನ್ ಸುಗ್ಗಿಗೆ ಮುಂಚೆ ಮನೇಲಿರ್ತಾನೆ."

ಅವಳ ಹೆಬ್ಬೆರಳು ಗಾಜಿನ ಅಂಚಿನ ಮೇಲೇ ಇತ್ತು.

ಎಷ್ಟು ಹಗುರ! ಮಗುವಿನ ಕೆನ್ನೆಯ ಕಾಡಿಗೆ ಒರೆಸಿದಷ್ಟು ಹಗುರ. ತಾಯಿ ತೀರಿಹೋದ ಮೇಲೆ ಆ ಹುಡುಗನ ಮೂಗು ಒರೆಸಿ, ತಲೆ ಬಾಚಿ, ಶಾಲೆಯ ಬಸ್ಸಿಗೆ ಹತ್ತಿಸಿದ್ದು ಇದೇ ಕೈ. ಅವನಿಗಾಗಿ ಇನ್ನೊಮ್ಮೆ ಒರೆಸಿದರೆ ಯಾವ ದೇವರು ಕೇಳುತ್ತಾನೆ?

ಕೇಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅದೇ ತೊಂದರೆ.

"ಇಲಾರಿಯೊನ ತಾಯಿ ಪೆರುವಿಂದ ಫೋನ್ ಮಾಡಿದ್ಲು," ಎಂದಳು ವರ್ನಾ. "ಅವಳ ಭಾಷೆ ನನಗೆ ಬರಲ್ಲ, ನನ್ನದು ಅವಳಿಗೆ ಬರಲ್ಲ. ಮಗನ ಹೆಸರು ಒಂದನ್ನೇ ಹೇಳ್ತಾ ಇದ್ಲು, ಮತ್ತೆ ಮತ್ತೆ. ನಾನು ಪತ್ತೆ ಮಾಡ್ತೀನಿ ಅಂದೆ. ಅರ್ಥ ಆಯ್ತೋ ಇಲ್ವೋ, ಅಂದಿದ್ದಂತೂ ಅಂದೆ."

"ಅವಳ ಮಗ ಹೋದ. ನಿನ್ನ ತಮ್ಮ ಇದ್ದಾನೆ."

"ಇಷ್ಟು ದಿನ ಸತ್ಯ ಸತ್ಯ ಅಂತ ಕೂಗಿದ್ದು ಅದು ನನ್ನ ತಮ್ಮನ್ನ ಬಿಡಿಸುತ್ತೆ ಅಂತ. ಈಗ ಅದೇ ಅವನನ್ನ ಕಟ್ಟಿಹಾಕುತ್ತೆ ಅಂತ ಒರೆಸಿಬಿಡ್ಲಾ? ಹಾಗಾದ್ರೆ ನನಗೂ ಆ ಶೆರಿಫ್‌ಗೂ ಏನು ವ್ಯತ್ಯಾಸ?" ಅವಳು ಕೈ ತೆಗೆದಳು. "ಇಡೀ ಊರು ಬೇಡ ಅಂದಾಗ್ಲೂ ನಾನು ನಿಲ್ಲಿಸ್ಲಿಲ್ಲ. ನೀವೊಬ್ಬರು ಬೇಡ ಅಂದ್ರೆ ನಿಲ್ಲಿಸ್ತೀನಾ?"

ನೀಲಿ ಟೇಪಿನ ಸುರುಳಿ ತೆಗೆದು, ಉದ್ದಕ್ಕೆ ಹರಿದು, ಉಣ್ಣೆಯ ಎಳೆ ಅಲುಗದಂತೆ ಆ ಮೂಲೆಯನ್ನು ಮುಚ್ಚಿದಳು. ಒಂದರ ಮೇಲೊಂದು ಮೂರು ಪದರ. ಹಸುಗೂಸಿಗೆ ಹೊದಿಸುವಷ್ಟು ನಾಜೂಕಾಗಿ ಅಂಚುಗಳನ್ನು ಒತ್ತಿದಳು. ಈಗ ಟ್ರಕ್ಕು ಎಷ್ಟು ವೇಗದಲ್ಲಿ ಹೋದರೂ ಸಿಳ್ಳೆ ಹಾಕದು.

"ನಾನೇ ಒಯ್ದು ಕೊಡ್ತೀನಿ ಶೆರಿಫ್‌ಗೆ. ಟೇಪು ಅವನೇ ಬಿಚ್ಚಲಿ, ನನ್ನೆದುರಿಗೆ."

"ಗ್ಲೆನಾ," ಎಂದ ಲೋವೆಲ್. "ಮನೆಗೆ ನಡಿ."

ಗ್ಲೆನಾ ಸೋಪಿನ ಪಾತ್ರೆಯನ್ನು ಅವನ ಕೈಗೆ ಕೊಟ್ಟಳು. "ತೊಳೆದಿಡು. ಚರ್ಚಿನದು," ಎಂದಳು. ಟ್ರಕ್ಕನ್ನು ಸುತ್ತಿ ಹೋಗಿ, ಬಲಗಡೆಯ ಬಾಗಿಲು ತೆರೆದು, ತನ್ನ ಜಾಗದಲ್ಲಿ ಕೂತಳು. ನಲವತ್ತು ವರ್ಷ ಸಂಸಾರ ಮಾಡಿದ ಮನುಷ್ಯನ ಕಡೆ ಅವಳು ತಿರುಗಿ ನೋಡಲಿಲ್ಲ.

ವರ್ನಾ ಹತ್ತಿ ಕೀಲಿ ತಿರುಗಿಸಿದಳು. ಎಂಜಿನ್ ಎದ್ದಿತು.

ಲೋವೆಲ್ ಪಾತ್ರೆಯನ್ನು ನೆಲಕ್ಕಿಟ್ಟ. ಗ್ಲೆನಾಳ ಬದಿಗೆ ಬಂದು, ಇನ್ನೂ ಮುಚ್ಚದಿದ್ದ ಬಾಗಿಲನ್ನು ಹಿಡಿದುಕೊಂಡ. ಗಾಳಿಯಲ್ಲಿ ಅವನ ಬಿಳಿಗೂದಲು ಹಾರುತ್ತಿತ್ತು. ಅವನು ಒಮ್ಮೆಲೇ ಮುದುಕನಾದಂತೆ ಕಂಡ.

"ಹೋಗೋದೇ ಆದ್ರೆ ಇದನ್ನೂ ತಿಳ್ಕೊಂಡು ಹೋಗು," ಎಂದ. "ಆ ಗಾಜು ಹೊರಗಿಂದ ಒಡೆದಿದ್ದಲ್ಲ."

"ಅಂದ್ರೆ?"

"ಒಳಗಿಂದ ಒಡೀತು. ಇಲಾರಿಯೊ ಟ್ರಕ್ಕಿನ ಎದುರು ನಿಂತಿರಲಿಲ್ಲ ವರ್ನಾ. ಒಳಗೆ ಕೂತಿದ್ದ. ಈಗ ಗ್ಲೆನಾ ಕೂತಿರೋ ಜಾಗದಲ್ಲಿ."

ಗ್ಲೆನಾ ಬಾಯಿಗೆ ಕೈ ಒತ್ತಿಕೊಂಡಳು.

ವರ್ನಾ ಎಂಜಿನ್ ಆರಿಸಲಿಲ್ಲ. ಅವಳ ಒಂದೇ ಕಿವಿಯಲ್ಲಿ ಗಾಳಿ, ಎಂಜಿನ್, ತನ್ನ ರಕ್ತದ ಸದ್ದು ಎಲ್ಲ ಒಟ್ಟಿಗೆ ಮೊರೆಯುತ್ತಿದ್ದವು. "ಹಾಗಿದ್ರೆ ನಾನು ಈಗ ಕೂತಿರೋ ಜಾಗದಲ್ಲಿ ಯಾರಿದ್ರು?"

ಲೋವೆಲ್ ಅವಳ ಕಣ್ಣು ತಪ್ಪಿಸಿ, ಅವಳ ಕೈಯಲ್ಲಿದ್ದ ಸ್ಟೀರಿಂಗ್ ಚಕ್ರವನ್ನು ನೋಡಿದ.

"ಸರಿ. ಮಿಕ್ಕಿದ್ದನ್ನ ಶೆರಿಫ್ ಎದುರಿಗೇ ಹೇಳಿ. ಹತ್ತಿ."

ಗ್ಲೆನಾ ತುಟಿ ಕಚ್ಚಿ ನಡುವಿಗೆ ಸರಿದಳು. ಅವಳು ಬಿಟ್ಟ ಜಾಗ ಖಾಲಿಯಾಯಿತು. ಲೋವೆಲ್ ಆ ಖಾಲಿ ಜಾಗವನ್ನೇ ನೋಡುತ್ತ ನಿಂತ. ಬಾಗಿಲ ಮೇಲಿನ ಕೈಯನ್ನು ಅವನು ತೆಗೆಯಲಿಲ್ಲ, ಒಳಗೆ ಕಾಲನ್ನೂ ಇಡಲಿಲ್ಲ.